ಬಿಟ್ಟ ಮಾತಿನ ಪಟ್ಟಿ

ಅಂಧರಿಗೆಂದು ಕಂಪನಿ ಮಾಡಿದ್ದ ಎರಡು ಫೋನುಗಳಲ್ಲಿ ಸಂಗಾತಿ ಬಿಟ್ಟಿ ಸಿಗುತ್ತಿತ್ತು. ಅಂಗವಿಕಲರ ಕಾರ್ಡು ಕೊಟ್ಟು ಹೆಬ್ಬೆಟ್ಟು ಒತ್ತಿದರೆ ಅವತ್ತೇ ಕೈಗೆ ಬರುತ್ತಿತ್ತು. ಕಲಿಯಲು ಒಂದು ಮಧ್ಯಾಹ್ನ ಸಾಕು. ಓದುಗ ಫೋನಿಗೆ ಇಪ್ಪತ್ತಾರು ಸಾವಿರ ರೂಪಾಯಿ, ಕಲಿಯಲು ಏಳು ತಿಂಗಳು. ಆ ಏಳು ತಿಂಗಳಲ್ಲಿ ಯಾರ್ಯಾರಿಗೋ ಹೋಗುವ ಕರೆಗಳು, ಅರ್ಧಕ್ಕೆ ಸಿಕ್ಕಿಬೀಳುವ ಬ್ಯಾಂಕಿನ ವ್ಯವಹಾರ, ಪಕ್ಕದ ಮನೆಯವರನ್ನು ಕರೆದು 'ಇದೇನು ಬಂದೈತಿ ನೋಡ್ರಿ' ಎಂದು ಕೇಳಬೇಕಾದಾಗಿನ ಸಂಕೋಚ, ಇವುಗಳ ಬೆಲೆಯನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಹುಬ್ಬಳ್ಳಿಯ ಮಂದಾಕಿನಿ ಪಿಸೆ ಇದನ್ನೆಲ್ಲ ಇಪ್ಪತ್ತು ವರ್ಷಗಳ ಹಿಂದೆಯೇ ತೆತ್ತಿದ್ದಳು. ಹಾಗಾಗಿ, 'ಓದುಗವನ್ನು ನಿಲ್ಲಿಸುತ್ತೇವೆ, ಎಲ್ಲರೂ ಸಂಗಾತಿಗೆ ಬನ್ನಿ' ಎಂದು ಕಂಪನಿ ಹೇಳಿದಾಗ ಅವಳಿಗೆ ಬಂದದ್ದು, ಸಾಲ ತೀರಿಸಿ ಸ್ವಂತ ಮನೆಯಲ್ಲಿ ಕೂತವರನ್ನು 'ಎದ್ದು ಬನ್ನಿ, ಬಾಡಿಗೆ ಇಲ್ಲದ ಲಾಡ್ಜಿನಲ್ಲಿಡುತ್ತೇವೆ' ಎಂದಾಗ ಬರುವಂಥ ಸಿಟ್ಟು.

ಮಂದಾಕಿನಿ ಹುಟ್ಟುಗುರುಡಿ. ವಯಸ್ಸು ನಲವತ್ತೆಂಟು. ವಿದ್ಯಾನಗರದ ಒಂದು ರಕ್ತನಿಧಿಯಲ್ಲಿ ಫೋನಿನ ಮುಂದೆ ಕೂರುವ ಕೆಲಸ. ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ, ಯಾವುದರ ಅವಧಿ ಎಂದಿಗೆ ಮುಗಿಯುತ್ತದೆ, ಯಾರು ರಕ್ತ ಕೊಟ್ಟು ಮೂರು ತಿಂಗಳಾಯಿತು, ಎಲ್ಲವನ್ನೂ ಅವಳು ಓದುಗದಿಂದಲೇ ಕೇಳಿ ಆಸ್ಪತ್ರೆಗಳಿಗೆ ಹೇಳುತ್ತಿದ್ದಳು. ಓದುಗಕ್ಕೆ ಬುದ್ಧಿ ಕಡಿಮೆ. ಬೆರಳನ್ನು ಬಲಕ್ಕೆ ಜಾರಿಸಿದರೆ ಪರದೆಯ ಮೇಲಿನ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ಅದನ್ನು ಒತ್ತುತ್ತದೆ. ಫೋನ್ ನಂಬರನ್ನು 'ಒಂಬೈನೂರ ಎಂಬತ್ತನಾಲ್ಕು ಕೋಟಿ' ಎಂದು ಶುರು ಮಾಡುತ್ತದೆ. ಹೆಸರಿಲ್ಲದ ಗುಂಡಿ ಬಂದರೆ 'ಬಟನ್' ಎಂದು ಸುಮ್ಮನಾಗುತ್ತದೆ. ಮಂದಾಕಿನಿ ಅದನ್ನು ಓಡಿಸುತ್ತಿದ್ದ ವೇಗಕ್ಕೆ ಅದರ ಮಾತು ಉಳಿದವರ ಕಿವಿಗೆ ಬಾಣಲೆಯಲ್ಲಿ ಶೇಂಗಾ ಹುರಿದ ಹಾಗೆ ಕೇಳುತ್ತಿತ್ತು. ಪರದೆಯನ್ನು ಅವಳು ಸದಾ ಕಪ್ಪಾಗಿಯೇ ಇಡುತ್ತಿದ್ದಳು. ಅವಳಿಗೆ ಬೆಳಕಿನ ಕೆಲಸವಿಲ್ಲ, ಬ್ಯಾಟರಿಯೂ ಉಳಿಯುತ್ತದೆ. ಹೊಸದಾಗಿ ಬಂದ ಡಾಕ್ಟರೊಬ್ಬರು 'ಅಮ್ಮಾ, ನಿಮ್ಮ ಫೋನ್ ಆಫ್ ಆಗಿದೆ' ಎಂದು ಮೂರು ದಿನ ಹೇಳಿ ನಾಲ್ಕನೆಯ ದಿನ ತಾವೇ ನಾಚಿಕೊಂಡಿದ್ದರು.

ಸಂಗಾತಿಯನ್ನು ಮುಟ್ಟುವಂತೆಯೇ ಇರಲಿಲ್ಲ. ಅಂಗಿಯ ಕಾಲರಿಗೆ ಸಿಕ್ಕಿಸುವ ಗುಂಡಿಯಷ್ಟಗಲದ ಕ್ಯಾಮೆರಾ, ಕಿವಿಯಲ್ಲಿ ಒಂದು ಮಣಿ, ಜೇಬಿನಲ್ಲಿ ಒಂದು ಡಬ್ಬಿ. ಬೇಕಾದ್ದನ್ನು ಬಾಯಿಂದ ಕೇಳಬೇಕು. ಅದು ತಾನೇ ನೋಡಿ, ತಾನೇ ಓದಿ, ತಾನೇ ಒತ್ತಿ, ನಮಗೆ ಬೇಕಾದಷ್ಟನ್ನು ಹೇಳುತ್ತದೆ. ಬೇಕಾದಷ್ಟು ಎಷ್ಟು ಎಂಬುದನ್ನೂ ಅದೇ ನಿರ್ಧರಿಸುತ್ತದೆ. ರಕ್ತನಿಧಿಯಲ್ಲಿ ಒಂದು ದಿನ ಪರೀಕ್ಷೆಗೆಂದು ಅದನ್ನು ತಂದಿಟ್ಟಿದ್ದರು. 'ಓ ನೆಗೆಟಿವ್ ಎಷ್ಟಿದೆ?' ಎಂದು ಮಂದಾಕಿನಿ ಕೇಳಿದಳು. 'ಇವತ್ತಿಗೆ ಸಾಕಷ್ಟಿದೆ ಅಕ್ಕಾ, ಚಿಂತೆ ಬೇಡ' ಎಂದಿತು. ಅವಳು ಕಿವಿಯ ಮಣಿ ತೆಗೆದು ಮೇಜಿನ ಮೇಲಿಟ್ಟಳು. 'ನಾ ಚಿಂತಿ ಮಾಡ್ಲಿ ಅಂತನ ಇವರು ಪಗಾರ ಕೊಡ್ತಾರವಾ' ಎಂದಳು.

ಓದುಗ ಬಳಸುವವರು ಗಲಾಟೆ ಮಾಡಿದ ಮೇಲೆ ಕಂಪನಿ ಒಂದು ಷರತ್ತಿಗೆ ಬಂತು. ರಾಜ್ಯದಲ್ಲಿ ಅದರ ಎರಡು ಫೋನುಗಳಲ್ಲಿ ಒಂದನ್ನಾದರೂ ಬಳಸುವ ಅಂಧರು ಅರವತ್ತೆರಡು ಸಾವಿರ. ಅವರಲ್ಲಿ ಹತ್ತಕ್ಕೊಬ್ಬರು, ಅಂದರೆ ಆರು ಸಾವಿರದ ಇನ್ನೂರು ಮಂದಿ, 'ಓದುಗ ಇರಲಿ' ಎಂದು ಮಾರ್ಚ್ ಮೂವತ್ತೊಂದರೊಳಗೆ ಹೆಸರು ಕೊಟ್ಟರೆ ಇನ್ನು ಹತ್ತು ವರ್ಷ ಅದನ್ನು ನಡೆಸುವುದು. ಇಲ್ಲದಿದ್ದರೆ ಏಪ್ರಿಲ್ ಒಂದರಿಂದ ಬ್ಯಾಂಕು, ಬಸ್ಸು, ಆಸ್ಪತ್ರೆ ಯಾವುದೂ ಓದುಗಕ್ಕೆ ತೆರೆದುಕೊಳ್ಳುವುದಿಲ್ಲ. ಸಂಗಾತಿ ಇಟ್ಟುಕೊಂಡವರೂ ಹೆಸರು ಕೊಡಬಹುದಿತ್ತು. ಮಾರ್ಚ್ ಎಂಟರ ಹೊತ್ತಿಗೆ ಬಂದಿದ್ದ ಹೆಸರುಗಳು ಮೂರು ಸಾವಿರದ ಒಂಬೈನೂರು. ಅವುಗಳಲ್ಲಿ ಮಂದಾಕಿನಿಯ ಗಂಡನ ಹೆಸರಿರಲಿಲ್ಲ.

ಏಕನಾಥ ಪಿಸೆ ದರ್ಜಿ. ಹದಿನೆಂಟು ವರ್ಷ ಕೋಟು ಸೂಟು ಹೊಲಿದ ಕೈ. ನಲವತ್ತೊಂದನೆಯ ವಯಸ್ಸಿಗೆ ಕಣ್ಣಿನ ನರ ಒಣಗಿತು. ಮೊದಲ ಹೆಂಡತಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಮಂದಾಕಿನಿಯ ಪರಿಚಯವಾದದ್ದು ಬುಧವಾರದ ಸಾಲಿನಲ್ಲಿ. ಅದು ಅಂಧರ ಫೋನ್ ಸಾಲು. ಪ್ರತಿ ಬುಧವಾರ ಸಂಜೆ ಆರಕ್ಕೆ ಒಂದು ನಂಬರಿಗೆ ಕರೆ ಮಾಡಿದರೆ ಬೀದರಿನಿಂದ ಚಾಮರಾಜನಗರದವರೆಗಿನ ಸಾವಿರಾರು ಮಂದಿ ಒಟ್ಟಿಗೆ ಸೇರುತ್ತಾರೆ. ಹಾಡು, ಹರಟೆ, ಹೊಸ ಫೋನಿನ ದೂರು, ಗಂಡು ಹೆಣ್ಣಿನ ವಿಚಾರಣೆ ಎಲ್ಲ ಅಲ್ಲೇ. ಆ ಸಾಲಿನಲ್ಲಿ ಏಕನಾಥ ಒಮ್ಮೆ, 'ಕಪ್ಪು ಬಟ್ಟಿಗೆ ಕಪ್ಪು ದಾರಾ ಪೋಣಿಸಿದಂಗಾಗೇತಿ ನನ್ನ ಬಾಳೇವು' ಎಂದಿದ್ದ. 'ಅಷ್ಟಕ್ಕ ಅಳಬ್ಯಾಡ್ರಿ, ನಾನು ಹುಟ್ಟಿದಾಗಿಂದ ಅದನ್ನ ಹೊಲ್ಯಾಕತ್ತೇನಿ' ಎಂದು ಮಂದಾಕಿನಿ ಉತ್ತರಿಸಿದ್ದಳು. ಎಂಟು ತಿಂಗಳಿಗೆ ಮದುವೆಯಾಯಿತು.

ಮದುವೆಯಾಗಿ ಆರು ವರ್ಷ ಅವನು ಹೊಲಿಗೆ ಯಂತ್ರ ಮುಟ್ಟಲಿಲ್ಲ. ಸಂಗಾತಿ ಬಂದ ದಿನ ಒಂದು ದಾರದ ಉಂಡೆ ಹಿಡಿದು, 'ಇದು ಯಾವ ಬಣ್ಣ?' ಎಂದ.

'ಬದನೆಕಾಯಿ ಬಣ್ಣ ಅಣ್ಣಾ. ಎಳೆಯದಲ್ಲ, ಬಲಿತದ್ದು' ಎಂದಿತು ಸಂಗಾತಿ.

ಏಕನಾಥ ಗೋಡೆಗೊರಗಿ ಕೂತು ಅತ್ತ. ಮರುವಾರ ಯಂತ್ರಕ್ಕೆ ಎಣ್ಣೆ ಬಿಟ್ಟ. ಘಂಟಿಕೇರಿಯ ಮನೆಯ ಮುಂದಿನ ಕೋಣೆ ಮತ್ತೆ ದರ್ಜಿ ಅಂಗಡಿಯಾಯಿತು.

ಮೊದಲ ರವಿಕೆ ಪಕ್ಕದ ಮನೆಯ ಸರೋಜಕ್ಕನದು. ಹೊಲಿದು ಮುಗಿಸಿ, ಮಂದಾಕಿನಿಯ ಕೈಗೆ ಕೊಟ್ಟು, ಉಸಿರು ಹಿಡಿದು ನಿಂತ. ಅವಳು ಹೊಲಿಗೆಯ ಮೇಲೆ ಹೆಬ್ಬೆರಳು ಹರಿಸಿದಳು. ಹೊಲಿಗೆ ಕುಡಿದವನ ಹಾಗೆ ನಡೆದಿತ್ತು. ಒಂದು ತೋಳು ಇನ್ನೊಂದಕ್ಕಿಂತ ಬೆರಳಗಲ ಗಿಡ್ಡ. ಕಣ್ಣಿನಿಂದಲೇ ಹೊಲಿದು ರೂಢಿಯಾದವನ ಬೆರಳಿಗೆ ಅದು ತಿಳಿದಿರಲಿಲ್ಲ. 'ಸಂಗಾತಿ ಚೆನ್ನಾಗಿದೆ ಅಂತು, ನೀ ಏನಂತಿ?' ಎಂದ. 'ಚಲೋ ಆಗೇತ್ರೀ' ಎಂದಳು.

ಸಂಜೆ, ಸರೋಜಕ್ಕನಿಗೆ ಕೊಟ್ಟು ಬರುತ್ತೇನೆಂದು ಹೇಳಿ, ಅದನ್ನು ಚೀಲದಲ್ಲಿ ಹಾಕಿಕೊಂಡು ಹಿಂದಿನ ಓಣಿಯ ಮೌಲಾಸಾಬನ ಅಂಗಡಿಗೆ ಹೋದಳು. 'ಇದನ್ನ ಪೂರಾ ಬಿಚ್ಚಿ ಹೊಲೀರಿ. ಯಾರಿಗೂ ಹೇಳಬ್ಯಾಡ್ರಿ' ಎಂದಳು. ಮೌಲಾಸಾಬ ಏಕನಾಥನ ಕೈಕೆಳಗೇ ಕಲಿತವನು. ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ಆಮೇಲೆ ಬಟ್ಟೆಗಳು ಹೆಚ್ಚಾದಾಗ ಅರ್ಧ ಕೂಲಿಗೆ ಒಪ್ಪಿದ. ಎರಡು ವರ್ಷದಿಂದ ಹೀಗೇ ನಡೆದಿತ್ತು. ಒಮ್ಮೊಮ್ಮೆ ಗಿರಾಕಿಗಳು ಬಂದು ಒಯ್ಯುವುದು ತಡವಾದರೆ, ಇಸ್ತ್ರಿಗೆಂದು ಹೇಳಿ ಒಯ್ದು ಮೌಲಾಸಾಬನಿಂದ ಹೊಲಿಸಿದ ಬಟ್ಟೆ ವಾಪಸ್ಸು ಬಂದು ಏಕನಾಥನ ಕೋಣೆಯ ಮೊಳೆಗೇ ನೇತುಬೀಳುತ್ತಿತ್ತು. ಗಿರಾಕಿಗಳು ಹೊಗಳುತ್ತಿದ್ದರು. ಏಕನಾಥ ರಾತ್ರಿ ಊಟಕ್ಕೆ ಕೂತಾಗ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ.

ಅಂಥವನಿಗೆ ಓದುಗದ ಜಗಳ ತಲೆಗೇ ಹತ್ತಲಿಲ್ಲ. 'ನಿನ್ನ ಗಿಳಿ ನಿನಗ ಚಂದ ಮಂದಾ. ನನಗ ಕಣ್ಣ ಕೊಟ್ಟಿದ್ದು ಸಂಗಾತಿ. ಅದರ ಎದುರು ಹೆಸರು ಕೊಡು ಅಂತೀಯೇನು?'

'ಎದುರು ಅಲ್ರೀ. ಇದೂ ಇರಲಿ ಅಂತ.'

'ಇದೂ ಇರಲಿ ಅಂದ್ರ ಅದು ಸಾಲದು ಅಂದಂಗ ಆತಲ್ಲ.'

ಬುಧವಾರದ ಸಾಲನ್ನು ನಡೆಸುತ್ತಿದ್ದವರು ಫಕ್ಕೀರಪ್ಪ ಮಾಸ್ತರರು, ಸಂಗೀತ ಕಲಿಸಿ ನಿವೃತ್ತರಾದವರು. ಅವರದೂ ಅದೇ ರಾಗ. ಮಾರ್ಚ್ ಎಂಟನೆಯ ತಾರೀಖಿನ ಸಾಲಿನಲ್ಲಿ ಎಲ್ಲರೂ ಕೇಳುವಂತೆಯೇ ಅಂದರು: 'ಮಂದಕ್ಕಾ, ನನ್ನ ಮೊಮ್ಮಗಳು ನಕ್ಕಾಗ ಎಡಗಲ್ಲದಾಗ ಗುಳಿ ಬೀಳತೈತಿ ಅಂತ ಸಂಗಾತಿ ಹೇಳಿತು. ಆರು ವರ್ಷದ ಕೂಸು. ಮನ್ಯಾಗ ಹತ್ತು ಮಂದಿ ಅದಾರ, ಒಬ್ಬರೂ ಹೇಳಿರಲಿಲ್ಲ. ನಿನ್ನ ಗಿಳಿ ಹೇಳತೈತೇನು? ಬಟನ್ ಅಂತೈತಿ.'

ಸಾಲಿನ ತುಂಬ ನಗು. ಮಂದಾಕಿನಿಯೂ ನಕ್ಕಳು. ಆಮೇಲೆ ಕೇಳಿದಳು: 'ಮಾಸ್ತರ, ಅದು ಹೇಳಿದ್ದು ನಿಮಗ ಗೊತ್ತೈತಿ. ಹೇಳದ ಬಿಟ್ಟಿದ್ದು?'

'ಬಿಟ್ಟಿದ್ದರ ಏನೋ ಕೆಲಸಕ್ಕ ಬಾರದ್ದು ಇರತೈತಿ.'

'ಕೆಲಸಕ್ಕ ಬರತೈತೋ ಇಲ್ಲೋ ಅಂತ ನೋಡೋರು ಯಾರು?'

ಗದುಗಿನವನೊಬ್ಬ ಹಾಡು ಶುರು ಮಾಡಿದ.

ಮರುದಿನ ಅರ್ಧ ದಿನ ರಜೆ ಹಾಕಿ ಮಂದಾಕಿನಿ ಗೋಕುಲ ರಸ್ತೆಯ ಕಂಪನಿಯ ಕಚೇರಿಗೆ ಹೋದಳು. ಮೂರನೆಯ ಮಹಡಿಯಲ್ಲಿ 'ಆಲಿಕೆ ಕೋಣೆ' ಎಂದೊಂದಿತ್ತು. ರಾಜ್ಯದ ಸಂಗಾತಿಗಳು ಏನು ಕಂಡವು, ಏನು ಹೇಳಿದವು ಎಂಬುದನ್ನು ಹನ್ನೆರಡು ಮಂದಿ ಕೂತು ತಾಳೆ ನೋಡುವ ಜಾಗ. ಎಸಿಯ ಗುಂಯ್ ಸದ್ದು, ಕೀಲಿಮಣೆಗಳ ಟಕಟಕ, ಮಾತಿಲ್ಲ. ಅದರ ಹೊಣೆ ಹೊತ್ತಿದ್ದ ಇಂಜಿನಿಯರು ನಫೀಸಾ ಅತ್ತಾರ ಇಲ್ಲಿಯವಳೇ, ಗಣೇಶಪೇಟೆಯವಳು. ಮೂವತ್ತರ ಒಳಗಿನ ದನಿ. ಕುರ್ಚಿ ಎಳೆದು ಮಂದಾಕಿನಿಯ ಕೈಯನ್ನು ಅದರ ಬೆನ್ನಿಗೆ ತಾಕಿಸಿದಳು; ಹಿಡಿದು ಕೂರಿಸಲಿಲ್ಲ. ಮಂದಾಕಿನಿಗೆ ಹುಡುಗಿ ಮೆಚ್ಚುಗೆಯಾದಳು.

'ಅದು ಮಾತು ಬಿಡತೈತಿ ಹೌದಿಲ್ಲೋ?' ಎಂದು ನೇರವಾಗಿ ಕೇಳಿದಳು.

'ಬಿಡತೈತ್ರೀ' ಎಂದಳು ನಫೀಸಾ. 'ಎಲ್ಲಾ ಹೇಳಕೋಂತ ಕುಂತರ ನಿಮಗ ಹುಚ್ಚ ಹಿಡೀತೈತಿ. ಒಂದು ಓಣಿ ದಾಟೂದರಾಗ ಕ್ಯಾಮೆರಾಕ್ಕ ಸಾವಿರ ವಸ್ತು ಕಾಣತಾವ. ಅದಕ್ಕ ಒಂದು ತಕ್ಕಡಿ ಇಟ್ಟೇವಿ. ಒಂದು ಪರಡಿಯೊಳಗ ಹೇಳಿದ್ರ ಆಗೋ ಉಪಯೋಗ, ಇನ್ನೊಂದರಾಗ ಹೇಳಿದ್ರ ಆಗೋ ನೋವು. ಜೀವಕ್ಕ ಅಪಾಯ ಇದ್ರ ತೂಗೂದ ಇಲ್ಲ, ಹೇಳೇ ಹೇಳತೈತಿ. ಇಲ್ಲಂದ್ರ, ನೋವಿನ ಪರಡಿ ಕೆಳಗ ಹೋದ್ರ ಸುಮ್ಮನಿರತೈತಿ.'

'ನೋವು ಎಷ್ಟಾಗತೈತಿ ಅಂತ ಅದಕ್ಕ ಹೇಳಿಕೊಟ್ಟೋರು ಯಾರು?'

'ಮನಿ ಮಂದಿ. ಎಂಟು ಸಾವಿರ ಮನಿಯೊಳಗ ಅವರ ಒಪ್ಪಿಗಿ ತಗೊಂಡು ಮಾತು ಕೇಳಿ ಕಲಿಸೇವಿ. ಕಣ್ಣಿಲ್ಲದವರ ಹತ್ರ ಮನಿಯವರು ಏನು ಹೇಳತಾರ, ಏನು ಬಿಡತಾರ. ಅಷ್ಟನ್ನ ಅದು ಕಲತೈತಿ.'

ಮಂದಾಕಿನಿ 'ಬಿಟ್ಟ ಮಾತು ಎಲ್ಲಿ ಹೋಗತಾವ?' ಎಂದಳು.

'ಎಲ್ಲೂ ಹೋಗೂದಿಲ್ರೀ. ನೋವಾಗತೈತಿ ಅಂತ ಬಿಟ್ಟಿದ್ದಕ್ಕ ಬಿಟ್ಟ ಮಾತಿನ ಪಟ್ಟಿ ಅಂತ ಐತಿ. ಬಳಸೋರು ಕೇಳಿದ್ರ ಅವರದು ಅವರಿಗೆ ಕೊಡಬೇಕು ಅಂತ ಕಾನೂನ ಐತಿ. ಇಲ್ಲೀತನಕ ಒಬ್ಬರೂ ಕೇಳಿಲ್ಲ.'

'ಯಾಕ?'

'ಪಟ್ಟಿ ಐತಿ ಅಂತ ಅವರಿಗೆ ಗೊತ್ತಿಲ್ಲಲ್ಲ.'

'ಸಂಗಾತಿ ಹೇಳಿಲ್ಲೇನು?'

ನಫೀಸಾ ತುಸು ನಾಚಿಕೆಯ ದನಿಯಲ್ಲಿ, 'ಅದೂ ಆ ಪಟ್ಟಿಯೊಳಗನ ಐತಿ' ಎಂದಳು.

ಮಂದಾಕಿನಿಗೆ ಬೇಕಾಗಿದ್ದುದು ಸಿಕ್ಕಿತ್ತು. ಒಬ್ಬರ ಪಟ್ಟಿಯನ್ನು ಬುಧವಾರದ ಸಾಲಿನಲ್ಲಿ ಓದಿಸಿದರೆ ಸಾಕು, ಉಳಿದವರು ತಾವೇ ಯೋಚಿಸುತ್ತಾರೆ. ಎದ್ದು ನಿಂತವಳು ಮತ್ತೊಂದು ಪ್ರಶ್ನೆ ಕೇಳಿದಳು. 'ಕಾಲರಿನ ಕ್ಯಾಮೆರಾಕ್ಕ ಬಿದ್ದಿದ್ದೆಲ್ಲ ಅದರಾಗ ಇರತೈತೇನು? ಮೊಳಿಗೆ ಹಾಕಿದ ಬಟ್ಟಿ ಸುದ್ದಾ?'

'ನೋವಾಗೂದಿದ್ರ ಅದೂ ಇರತೈತಿ. ಯಾಕ್ರೀ?'

'ಏನಿಲ್ಲ' ಎಂದು ಮಂದಾಕಿನಿ ಮೆಟ್ಟಿಲು ಇಳಿದಳು. ಅವಳ ಕಾಲು ಪ್ರತಿ ಮೆಟ್ಟಿಲನ್ನೂ ಎರಡೆರಡು ಸಲ ಹುಡುಕಿತು.

ಮುಂದಿನ ನಾಲ್ಕು ದಿನ ಅವಳು ಬೇರೆಯವರ ಪಟ್ಟಿಗಾಗಿ ಪ್ರಯತ್ನಿಸಿದಳು. ಸಂಗಾತಿ ಬಳಸುವ ಒಂಬತ್ತು ಮಂದಿ ಗೆಳೆಯ ಗೆಳತಿಯರಿಗೆ ಫೋನು ಮಾಡಿದಳು. ಬಾಗಲಕೋಟೆಯ ಹೆಣ್ಣುಮಗಳು, 'ಬ್ಯಾಡಕ್ಕಾ, ನನ್ನ ಅತ್ತಿ ಹಿಂದ ಏನ್ ಮಾರಿ ಮಾಡತಾಳ ಅಂತ ತಿಳಕೊಂಡು ನಾ ಸಂಸಾರ ಮಾಡೂದು ಹೆಂಗ?' ಎಂದಳು. ತುಮಕೂರಿನ ವಕೀಲರು, 'ಕೇಳಿದ್ರೆ ಕೋರ್ಟಲ್ಲಿ ನಾಳೆ ತಲೆ ಎತ್ತೋಕಾಗುತ್ತೇನ್ರಿ?' ಎಂದರು. ಒಬ್ಬರೂ ಒಪ್ಪಲಿಲ್ಲ. ಹೆಸರುಗಳು ನಾಲ್ಕು ಸಾವಿರದ ನೂರಕ್ಕೆ ಬಂದು ನಿಂತವು.

ಒಪ್ಪಿದವನು ಏಕನಾಥ ಒಬ್ಬನೇ. ಅದೂ ಸವಾಲಿಗೆ. ಅವಳು ತಕ್ಕಡಿಯ, ಪಟ್ಟಿಯ ಸುದ್ದಿ ಹೇಳಿದ್ದೇ ತಡ, ಯಂತ್ರ ನಿಲ್ಲಿಸಿ ನಕ್ಕ. 'ನಡಿ, ಓದಸ್ಕೊಂಡ ಬರೋಣ. ಒಂದು ಮಾತು ಬಿಟ್ಟಿದ್ರೂ ನಾ ನಿನ್ನ ಗಿಳಿಗೆ ಹೆಸರು ಕೊಡತೇನಿ. ಬಿಟ್ಟಿಲ್ಲ ಅಂದ್ರ ನೀ ಈ ಜಗಳಾ ಬಿಡಬೇಕು. ಹೂಂ ಅನ್ನು.'

ಅವಳು ಹೂಂ ಅನ್ನಲು ಒಂದು ಹಗಲು ತೆಗೆದುಕೊಂಡಳು. ಅಷ್ಟು ಹೊತ್ತು ಮನಸ್ಸಿನಲ್ಲೇ ತೂಗಿದಳು. ಪಟ್ಟಿ ಬೇಡವೆಂದರೆ ಓದುಗ ಹೋಗುತ್ತದೆ, ಅದರ ಹಿಂದೆ ರಕ್ತನಿಧಿಯ ಕುರ್ಚಿಯೂ ಹೋಗುತ್ತದೆ. ಪಟ್ಟಿ ತೆರೆದರೆ ಗಂಡನ ಅಂಗಡಿ ಹೋಗುತ್ತದೆ, ಬಹುಶಃ ಗಂಡನೂ. ಮೌಲಾಸಾಬನ ಹತ್ತಿರ ಹೋಗಿ, 'ಇನ್ನ ಬಟ್ಟಿ ತರೂದಿಲ್ಲಣ್ಣಾ' ಎಂದಳು.

'ಅವ್ರಿಗೆ ಗೊತ್ತಾತೇನಕ್ಕಾ?'

'ಇಲ್ಲ. ಗೊತ್ತಾಗೂದೈತಿ.'

'ಯಾರು ಹೇಳತಾರ?'

'ಆ ಫೋನು' ಎಂದವಳು, ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ತಾನು ಮಾಡಿದ್ದನ್ನು ಗಂಡನಿಗೆ ಒಂದು ಯಂತ್ರ ಹೇಳಬೇಕೇ?

ಸೋಮವಾರ ಇಬ್ಬರೂ ಚಿಗರಿ ಬಸ್ಸು ಹತ್ತಿ, ಇಳಿದು, ಆಟೋ ಹಿಡಿದು ಕಂಪನಿಗೆ ಬಂದರು. ದಾರಿಯುದ್ದಕ್ಕೂ ಏಕನಾಥ ಹುಮ್ಮಸ್ಸಿನಲ್ಲಿದ್ದ. ಎರಡನೆಯ ಮಹಡಿಯ ತಿರುವಿನಲ್ಲಿ ಮಂದಾಕಿನಿ ನಿಂತಳು. ಅವನ ತೋಳು ಹಿಡಿದು ನಿಲ್ಲಿಸಿದಳು.

'ಏನ್ರೀ, ಮ್ಯಾಲ ಹೋಗೂಕಿಂತ ಮೊದಲ ನನ್ನ ಬಾಯಿಂದ ಕೇಳ್ರಿ. ನಿಮ್ಮ ಹೊಲಿಗಿ ನೆಟ್ಟಗ ಬರೂದಿಲ್ಲ. ಮೊದಲನೇ ರವಿಕಿಯಿಂದನೂ ಬಂದಿಲ್ಲ. ನಾ ಎಲ್ಲಾ ಒಯ್ದು ಮೌಲಾಸಾಬನ ಕಡೆ ಬಿಚ್ಚಿಸಿ ಹೊಲಿಸೇನಿ. ಮಂದಿ ಹೊಗಳಿದ್ದು ಅವನ ಹೊಲಿಗಿನ.'

ಮೆಟ್ಟಿಲ ಮೇಲೆ ಯಾರೋ ಇಳಿದು ಹೋದರು. ಅವರ ಚಪ್ಪಲಿಯ ಸದ್ದು ನೆಲಮಹಡಿ ಮುಟ್ಟಿತು.

'ಎಷ್ಟು?' ಎಂದ ಏಕನಾಥ.

'ಏನ್ ಎಷ್ಟು?'

'ಬಟ್ಟಿ.'

'ಲೆಕ್ಕಾ ಇಟ್ಟಿಲ್ರೀ.'

'ಮ್ಯಾಲ ಇಟ್ಟಿರತಾರ. ನಡಿ' ಎಂದ. ತೋಳು ಬಿಡಿಸಿಕೊಂಡು, ಕಂಬಿ ಹಿಡಿದು ತಾನೇ ಹತ್ತಿದ.

ನಫೀಸಾ ಅವನ ಹೆಬ್ಬೆಟ್ಟು ತೆಗೆದುಕೊಂಡಳು. ಪಟ್ಟಿಯಲ್ಲಿದ್ದವು ನಾನೂರ ಹನ್ನೆರಡು ಮಾತುಗಳು. 'ಸಂಗಾತಿ ದನಿಯೊಳಗನ ಕೇಳತೀರೇನ್ರಿ ಅಣ್ಣಾರ?' ಎಂದಳು.

'ಬ್ಯಾಡ. ಅದು ಅಳೂ ಕೂಸಿಗೆ ಬೆಲ್ಲಾ ಕೊಟ್ಟಂಗ ಹೇಳತೈತಿ. ಇಕಿ ಗಿಳಿ ಐತೆಲ್ಲ, ಅದರ ಕಡೆ ಓದಸ್ರಿ. ಸಾವಕಾಶ.'

ಮಂದಾಕಿನಿ ತನ್ನ ಓದುಗದ ವೇಗವನ್ನು ಪೂರ್ತಿ ಇಳಿಸಿ ಮೇಜಿನ ಮೇಲಿಟ್ಟಳು. ಅದು ಏರಿಳಿತವಿಲ್ಲದೆ, ತಗಡು ಬಡಿದ ಹಾಗೆ ಓದತೊಡಗಿತು.

'ಏಪ್ರಿಲ್ ಹನ್ನೆರಡು. ಕಂಡದ್ದು: ಎಡ ತೋಳು ಬಲ ತೋಳಿಗಿಂತ ಒಂದೂವರೆ ಸೆಂಟಿಮೀಟರ್ ಗಿಡ್ಡ. ಹೇಳಿದ್ದು: ಚೆನ್ನಾಗಿದೆ ಅಣ್ಣಾ. ಏಪ್ರಿಲ್ ಹದಿನೆಂಟು. ಕಂಡದ್ದು: ಬಟ್ಟೆ ಅದೇ, ಹೊಲಿಗೆ ಬೇರೆ. ಹೇಳಿದ್ದು: ಏನೂ ಇಲ್ಲ. ಮೇ ಆರು. ಕಂಡದ್ದು: ಪ್ಯಾಂಟಿನ ಹಿಂಭಾಗದಲ್ಲಿ ಎಣ್ಣೆಯ ಕಲೆ. ಹೇಳಿದ್ದು: ಏನೂ ಇಲ್ಲ.'

'ಮೇ ಆರು!' ಎಂದ ಏಕನಾಥ. 'ಅವತ್ತ ನಮ್ಮ ತಮ್ಮನ ಮಗಳ ಮದುವಿ. ಸ್ಟೇಜಿನ ಮ್ಯಾಲ ನಿಂತು ಫೋಟೋ ತೆಗಿಸ್ಕೊಂಡೇನಲ್ಲೋ!' ಅವನ ನಗು ಅರ್ಧಕ್ಕೇ ಮುರಿಯಿತು.

ಓದುಗ ನಿಲ್ಲಲಿಲ್ಲ. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಇಬ್ಬರು ಗಂಡಸರು ಅವನ ನಡಿಗೆಯನ್ನು ಅಣಕಿಸಿದ್ದು. ಗಿರಾಕಿಯೊಬ್ಬಳು ಅವನು ಹೊಲಿಯುತ್ತಿದ್ದುದನ್ನು ನೋಡಿ ತನ್ನ ಗಂಡನಿಗೆ ಕಣ್ಣು ಮಿಟುಕಿಸಿದ್ದು. ಬಟ್ಟೆ ಅದೇ, ಹೊಲಿಗೆ ಬೇರೆ. ಬಟ್ಟೆ ಅದೇ, ಹೊಲಿಗೆ ಬೇರೆ. ಏಕನಾಥ ಮೊದಮೊದಲು ಬೆರಳು ಮಡಚಿ ಎಣಿಸುತ್ತಿದ್ದ. ಆಮೇಲೆ ಬಿಟ್ಟ.

ಮುಕ್ಕಾಲು ಗಂಟೆಯ ನಂತರ ಅದು ಓದಿತು: 'ಡಿಸೆಂಬರ್ ಎರಡು. ಕಂಡದ್ದು: ಹೆಂಡತಿ ಊಟದ ಎದುರು ಕೂತು ಅಳುತ್ತಿದ್ದಾಳೆ. ಸದ್ದಿಲ್ಲ. ಹೇಳಿದ್ದು: ಏನೂ ಇಲ್ಲ.'

'ನಿಲ್ಲಸು' ಎಂದ ಏಕನಾಥ.

ಮಂದಾಕಿನಿ ನಿಲ್ಲಿಸಿದಳು.

'ಅವತ್ತ ಯಾಕ ಅಳತಿದ್ದಿ?'

'ಓದುಗ ಬಂದ್ ಮಾಡತೇವಿ ಅಂತ ಅವತ್ತ ಮೆಸೇಜ್ ಬಂದಿತ್ತು.'

'ನಾ ಏನ್ ಮಾಡಾಕತ್ತಿದ್ದೆ?'

'ಝುಣಕದ ವಡಿ ಚಲೋ ಆಗ್ಯಾವ ಅಂತ ಹೇಳಾಕತ್ತಿದ್ರಿ.'

ಏಕನಾಥ ಕಾಲರಿನಿಂದ ಕ್ಯಾಮೆರಾ ಕಿತ್ತು ಮೇಜಿನ ಮೇಲೆ ಇಟ್ಟ. '‌ಹೊಲಿಗಿದು ನಿನಗೂ ನನಗೂ ಬಿಟ್ಟಿದ್ದು. ಮನ್ಯಾಗ ಮಾತಾಡೋಣ' ಎಂದು ಹೆಂಡತಿಗೆ ಹೇಳಿ, ನಫೀಸಾಳ ದನಿ ಬಂದ ದಿಕ್ಕಿಗೆ ತಿರುಗಿದ. 'ಆದ್ರ ಇದು ಹಂಗಲ್ಲವಾ. ನನ್ನ ಹೆಂಡ್ತಿ ನನ್ನ ಎದುರು ಕುಂತು ಅಳತಾಳ. ನೋಡೂ ಕಣ್ಣು ನನ್ನ ಕೊಳ್ಳಾಗ ನೇತಾಡತೈತಿ. ನಾ ವಡಿ ತಿನ್ನಾಕತ್ತೇನಿ. ಇದು ಮರುಕ ಏನು?'

ನಫೀಸಾಳ ಕುರ್ಚಿ ಕಿರುಗುಟ್ಟಿದ್ದು ಮಾತ್ರ ಕೇಳಿಸಿತು.

'ಬುಧವಾರ ಇದನ್ನ ಸಾಲಿನ್ಯಾಗ ಓದಸ್ತೇನಿ. ಪ್ಯಾಂಟಿನ ಕಲಿಯಿಂದ ಹಿಡಿದು ಎಲ್ಲಾ' ಎಂದ ಏಕನಾಥ.

'ಬ್ಯಾಡ್ರೀ' ಎಂದಳು ಮಂದಾಕಿನಿ, ತಾನೇ ಬಯಸಿದ್ದನ್ನು ತಾನೇ ತಡೆದು. 'ಮಂದಿ ನಗತಾರ.'

'ನೋಡು, ಮತ್ತ ನೀ ತಕ್ಕಡಿ ಹಿಡಿದಿ.'

ಅವಳು ಓದುಗವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು, ಅವನು ತಿನ್ನುತ್ತಿದ್ದ. ಹೊಲಿಗೆ ಯಂತ್ರ ಸದ್ದು ಮಾಡಲಿಲ್ಲ.

ಬುಧವಾರದ ಹೊತ್ತಿಗೆ ಕಂಪನಿಯ ಮೇಲಧಿಕಾರಿಗಳಿಗೆ ಸುದ್ದಿ ಮುಟ್ಟಿತ್ತು. ಮಧ್ಯಾಹ್ನ ಬೆಂಗಳೂರಿನಿಂದ ಒಬ್ಬ ಸಾಹೇಬರು ಮಂದಾಕಿನಿಗೆ ಫೋನು ಮಾಡಿದರು. ಬಹಳ ನಯವಾದ ಮಾತು. 'ಮೇಡಂ, ಇಂಥ ಪಟ್ಟಿ ಏಕಾಏಕಿ ಕೇಳಿದ್ರೆ ಜನರಿಗೆ ಆಘಾತ ಆಗುತ್ತೆ. ಮೊದಲು ಆಪ್ತಸಮಾಲೋಚನೆ ಮಾಡಿ, ಒಬ್ಬೊಬ್ಬರಿಗೇ ನಿಧಾನವಾಗಿ ಕೊಡೋ ವ್ಯವಸ್ಥೆ ಮಾಡ್ತೀವಿ. ಜೂನ್‌ವರೆಗೆ ಟೈಮ್ ಕೊಡಿ.'

'ಹೆಸರು ಕೊಡಾಕ ನೀವು ಮಾರ್ಚ್ ಮೂವತ್ತೊಂದರ ತನಕ ಟೈಮ್ ಕೊಟ್ಟೀರಿ ಸಾಹೇಬ್ರ.'

'ಜನರಿಗೆ ನೋವಾಗಬಾರದು ಅನ್ನೋದಷ್ಟೇ ನಮ್ಮ ಕಾಳಜಿ.'

'ನಮಗ ನೋವಾದ್ರ ನಾವ ಅಳತೇವ್ರಿ. ಅಳೂದು ನಮಗ ಬರತೈತಿ, ಅದಕ್ಕ ಕಣ್ಣು ಕಾಣಬೇಕಂತಿಲ್ಲ. ಎಷ್ಟು ನೋವು ತಡಕೋತೇವಿ ಅಂತ ತೂಗೂದು ನಿಮ್ಮ ಕೆಲಸ ಅಲ್ಲ' ಎಂದು ಹೇಳಿ ಮಂದಾಕಿನಿ ಫೋನಿಟ್ಟಳು. ಮುಂದಿನ ಕರೆ ಎತ್ತಿ, ಕಿಮ್ಸ್ ಹತ್ತಿರದ ನರ್ಸಿಂಗ್ ಹೋಮಿಗೆ ಬಿ ಪಾಸಿಟಿವ್ ನಾಲ್ಕು ಚೀಲ ಇರುವುದನ್ನು ಸರಿಯಾಗಿಯೇ ಹೇಳಿದಳು.

ಸಂಜೆ ಆರಕ್ಕೆ ಸಾಲಿನಲ್ಲಿ ಐದು ಸಾವಿರ ಮಂದಿ ಇದ್ದರು. ಅಷ್ಟು ಜನ ಎಂದೂ ಸೇರಿರಲಿಲ್ಲ. ಏಕನಾಥ ಪೀಠಿಕೆ ಹಾಕಲಿಲ್ಲ. 'ನಾ ಹುಬ್ಬಳ್ಳಿ ಏಕನಾಥ. ಇದು ನನ್ನ ಪಟ್ಟಿ. ನಗೂದಿದ್ರ ನಗ್ರಿ, ನಡುವ ಫೋನ್ ಇಡಬ್ಯಾಡ್ರಿ' ಎಂದು ಓದುಗವನ್ನು ಓದಲು ಬಿಟ್ಟ.

ಪ್ಯಾಂಟಿನ ಕಲೆ ಬಂದಾಗ ಸಾಲು ನಕ್ಕಿತು. ಬಟ್ಟೆ ಅದೇ ಹೊಲಿಗೆ ಬೇರೆ ಎಂಬುದು ನಾಲ್ಕನೆಯ ಸಲ ಬಂದಾಗ ನಗು ನಿಂತಿತು. ಡಿಸೆಂಬರ್ ಎರಡು ಬಂದಾಗ ಐದು ಸಾವಿರ ಫೋನುಗಳಲ್ಲಿ ಯಾರದೋ ಮನೆಯ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸದ್ದಿರಲಿಲ್ಲ.

'ಏಕನಾಥಣ್ಣಾ' ಎಂದರು ಫಕ್ಕೀರಪ್ಪ ಮಾಸ್ತರರು ಕೊನೆಗೆ, 'ಈಗ ಸಂಗಾತಿ ಒಗದಿ ಏನು?'

'ಇಲ್ರೀ ಮಾಸ್ತರ. ದಾರದ ಬಣ್ಣ ಹೇಳಾಕ ಅದು ಬೇಕು. ಆದ್ರ ಅದೊಂದ ಇರೂ ಊರಾಗ ನಾ ಇರೂದಿಲ್ಲ. ನನ್ನ ಹೆಸರು ಬರಕೋರಿ.'

'ನನ್ನ ಪಟ್ಟಿ ನಾ ಕೇಳೂದಿಲ್ಲಪಾ' ಎಂದರು ಮಾಸ್ತರರು. 'ಎಪ್ಪತ್ತೊಂದು ವಯಸ್ಸು. ಆ ಗುಳಿ ಸುಳ್ಳು ಅಂತ ಇದ್ರ ನಾ ತಡಕೊಳ್ಳೂದಿಲ್ಲ.' ಮತ್ತೆ ಅವರೇ ಹೇಳಿದರು: 'ಆದ್ರ ಕೇಳೋರಿಗೆ ಓದಾಕ ಒಂದು ಇರಬೇಕು. ನನ್ನ ಹೆಸರೂ ಬರಕೋರಿ.'

ಬಾಗಲಕೋಟೆಯವಳು ಬರೆಸಿದಳು. ಚಿಂತಾಮಣಿಯ ಒಬ್ಬ, ಕುಷ್ಟಗಿಯ ಅಕ್ಕತಂಗಿಯರು, ತುಮಕೂರಿನ ವಕೀಲರು ಬರೆಸಿದರು. ಆ ವಾರದೊಳಗೆ ಹನ್ನೊಂದು ಸಾವಿರ ಮಂದಿ ತಮ್ಮ ಪಟ್ಟಿ ಕೇಳಿ ಅರ್ಜಿ ಹಾಕಿದರು. ಕಂಪನಿಯ ಆಲಿಕೆ ಕೋಣೆಯಲ್ಲಿ ಹನ್ನೆರಡು ಕುರ್ಚಿಗಳು ಸಾಲದೆ ಇನ್ನೂ ಮೂವತ್ತು ಹಾಕಿದರು. ಎಲ್ಲ ಮನೆಗಳಲ್ಲೂ ಚೆನ್ನಾಗಿಯೇ ಆಯಿತೆಂದು ಹೇಳುವಂತಿಲ್ಲ. ಗೋಕಾಕದ ಒಬ್ಬಳು ಪಟ್ಟಿ ಕೇಳಿ ತವರಿಗೆ ಹೋದಳು. ಮೈಸೂರಿನ ಒಬ್ಬರು ತಮ್ಮ ಮಗನೊಡನೆ ಮಾತು ಬಿಟ್ಟರು. ಆದರೆ ಪಟ್ಟಿಯನ್ನು ವಾಪಸ್ಸು ತೆಗೆದುಕೊಳ್ಳಿ ಎಂದು ಒಬ್ಬರೂ ಕೇಳಲಿಲ್ಲ.

ಮಾರ್ಚ್ ಮೂವತ್ತೊಂದರ ಸಂಜೆ ಎಣಿಕೆ ಮುಗಿಯಿತು. ಬೇಕಾಗಿದ್ದದ್ದು ಆರು ಸಾವಿರದ ಇನ್ನೂರು ಹೆಸರು. ಬಂದದ್ದು ಏಳು ಸಾವಿರದ ನಲವತ್ತು. ಓದುಗ ಇನ್ನು ಹತ್ತು ವರ್ಷ ಉಳಿಯಿತು. ಸಂಗಾತಿಯೂ ಬದಲಾಯಿತು; ಪ್ರತಿ ದಿನದ ಕೊನೆಗೆ, ಇವತ್ತು ಇಷ್ಟು ಮಾತು ಬಿಟ್ಟಿದ್ದೇನೆ, ಕೇಳುವಿರಾ ಎಂದು ಅದು ಕೇಳಲೇಬೇಕೆಂದು ನಿಯಮವಾಯಿತು. ಮಂದಾಕಿನಿಗೆ ರಕ್ತನಿಧಿಯ ಕುರ್ಚಿ ಉಳಿಯಿತು. ಏಕನಾಥನ ಅಂಗಡಿ ಹೋಯಿತು. ಯಂತ್ರವನ್ನು ಅವನು ಮೌಲಾಸಾಬನಿಗೆ ಕೊಟ್ಟ. ಈಗ ಮೌಲಾಸಾಬನ ಅಂಗಡಿಯಲ್ಲೇ ಕೂತು, ಬೆರಳಿಗೆ ತಿಳಿಯುವಂಥ ಕೆಲಸವನ್ನು, ಗುಂಡಿ ಹಚ್ಚುವುದು, ಕಾಜ ಮಾಡುವುದು, ಅಷ್ಟನ್ನು ಮಾಡುತ್ತಾನೆ. ಮೊದಲ ವಾರದ ಎರಡು ಡಜನ್ ಕಾಜಗಳಲ್ಲಿ ಒಂಬತ್ತು ಕೆಟ್ಟಿದ್ದವು ಎಂದು ಮೌಲಾಸಾಬನೇ ಅವನಿಗೆ ಹೇಳಿದ. ಹೆಂಡತಿಯನ್ನು ಮತ್ತೆ 'ಮಂದಾ' ಎಂದು ಕರೆಯಲು ಅವನಿಗೆ ಹತ್ತೊಂಬತ್ತು ದಿನ ಬೇಕಾಯಿತು. ತಾನು ಒಳ್ಳೆಯ ದರ್ಜಿ ಎಂದು ಅವನು ನಂಬಿಕೊಂಡು ಕಳೆದ ಎರಡು ವರ್ಷಗಳ ಸುಖ ಹೋದದ್ದು ಹೋಯಿತು. ಅದನ್ನು ಯಾರಿಂದಲೂ ತಿರುಗಿ ಕೊಡಲಾಗಲಿಲ್ಲ.